ಮೊದಲು ನನ್ನ ಕುದುರೆಗೆ

ಸೂಜಿ ಚುಚ್ಚುವಾಗ ಮೊದಲು ನನ್ನ ಕುದುರೆಗೆ, ಆಮೇಲೆ ಉಳಿದವರ ಕುದುರೆಗೆ. ಇದು ನಾನೇ ಮಾಡಿಕೊಂಡಿದ್ದ ಪದ್ಧತಿ. ಔಷಧಿ ಕೆಟ್ಟಿದ್ದರೆ ನನ್ನದೇ ಮೊದಲು ಸಾಯಲಿ ಎಂದು. ಅದಕ್ಕೇ ಜನ ನನ್ನನ್ನು ನಂಬಿದ್ದರು.

ನಾವು ಹೊಸಹಳ್ಳಿ ಕಡೆಯ ಕುರಿಗಾರರು. ಸುಗ್ಗಿ ಮುಗಿದ ಮೇಲೆ ಐದು ಮನೆಯವರು ಕುರಿ ಹೊಡೆದುಕೊಂಡು ಹಡಗಲಿ ಕಡೆಗೆ, ಹೊಳೆದಂಡೆಗೆ ಇಳಿಯುತ್ತೇವೆ. ಮನೆಗೊಂದು ಹೆಣ್ಣುಕುದುರೆ. ಪಾತ್ರೆ, ಕಂಬಳಿ, ಕುರಿ ಕೂಡುವ ಬಲೆ, ನಡೆಯಲಾರದ ಕುರಿಮರಿ, ಎಲ್ಲ ಅದರ ಬೆನ್ನ ಮೇಲೆ. ಕುದುರೆ ಇಲ್ಲದ ಮನೆಯಲ್ಲಿ ಆ ಭಾರ ಹೆಂಗಸಿನ ತಲೆಗೆ ಬರುತ್ತದೆ. ಹೀಗಾಗಿ ನಾವು ಗಂಡನಿಗಿಂತ ಕುದುರೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ.

ಚುಚ್ಚುವುದನ್ನು ನಾನು ದನದ ಆಸ್ಪತ್ರೆಯ ಒಬ್ಬ ಕಾಂಪೌಂಡರನ ಹತ್ತಿರ ನೋಡಿ ಕಲಿತೆ. ಅವನು ಕೊಟ್ಟ ದಪ್ಪ ಸೂಜಿ ಒಂದಿತ್ತು. ಅಂಗಡಿಯ ತೆಳು ಸೂಜಿ ಕುದುರೆಯ ಚರ್ಮಕ್ಕೆ ಬಗ್ಗುತ್ತದೆ. ನೊಣದ ಕಾಲದಲ್ಲಿ ಜ್ವರ ಬಿದ್ದರೆ ಕೊಟ್ಟೂರಿನಿಂದ ಔಷಧಿ ತರಿಸಿ, ಕುದುರೆಗಳನ್ನು ಸಾಲಾಗಿ ನಿಲ್ಲಿಸಿ, ಅದೊಂದೇ ಸೂಜಿಯಲ್ಲಿ ಚುಚ್ಚಿಕೊಂಡು ಹೋಗುತ್ತಿದ್ದೆ. ನಡುನಡುವೆ ಸೆರಗಿಗೆ ಒರೆಸುತ್ತಿದ್ದೆ. ಸೂಜಿ ಬಿಸಿನೀರು ಕಾಣುತ್ತಿದ್ದುದು ಎಲ್ಲ ಮುಗಿದ ಮೇಲೆ. ನನ್ನ ಕುದುರೆಯ ನಂತರ ವಾರಗಿತ್ತಿಯದು, ಅಂದರೆ ನನ್ನ ಮೈದುನನ ಹೆಂಡತಿಯದು. ಅವಳಿಗೂ ನನಗೂ ನಲವತ್ತು ವರ್ಷ ಒಂದೇ ಒಲೆ.

ಹೋದ ವರ್ಷ ಹಿರೇಹಡಗಲಿ ಹತ್ತಿರದ ಹೊಲವೊಂದರಲ್ಲಿ ಕುರಿ ತರುಬಿ ಬಿಡಾರ ಹೂಡಿದ್ದಾಗ ದನದ ಆಸ್ಪತ್ರೆಯ ಡಾಕ್ಟರಮ್ಮ ಬಂದಳು. ಹರಪನಹಳ್ಳಿ ಕಡೆ ಮದುವೆ ಮೆರವಣಿಗೆಯ ಕುದುರೆಯೊಂದು ರಕ್ತದ ರೋಗದಿಂದ ಸತ್ತಿದೆಯಂತೆ, ಸುತ್ತಲಿನ ಎಲ್ಲ ಕುದುರೆಗಳ ರಕ್ತ ತೆಗೆದು ನೋಡಬೇಕಂತೆ. ಒಂದೊಂದು ಕುದುರೆಗೆ ಒಂದೊಂದು ಹೊಸ ಸೂಜಿ ಬಿಚ್ಚಿ, ಕುತ್ತಿಗೆಯಿಂದ ರಕ್ತ ಎಳೆದು, ಆ ಸೂಜಿಯನ್ನು ಡಬ್ಬಿಗೆ ಎಸೆಯುತ್ತಿದ್ದಳು. ನನಗೆ ನಗು ಬಂತು.

“ಏನವ್ವಾ, ಕುದುರಿಗೊಂದು ಸೂಜಿ ಬೇಕೇನು? ಗಂಡನ ಮನಿಯಿಂದ ತಂದೀಯೇನು?” ಎಂದೆ.

“ಒಂದರ ರಕ್ತ ಇನ್ನೊಂದಕ್ಕ ಮುಟ್ಟಬಾರದಜ್ಜಿ. ಈ ರೋಗ ಹರಡೋದೇ ಹಂಗ. ಕಚ್ಚೋ ನೊಣದಿಂದ, ಇಲ್ಲಾ ಸೂಜಿಯಿಂದ.”

ನಗುವ ಬಾಯಿ ಹಾಗೇ ನಿಂತಿತು. ಅದಕ್ಕೆ ಎರಡು ವರ್ಷ ಮೊದಲು ನನ್ನ ಕುದುರೆ ಜ್ವರ ಬಂದು ಬಡಕಲಾಗಿ, ಆಮೇಲೆ ತಾನೇ ಮೈ ಹಿಡಿದಿತ್ತು. ರೋಗ ಬಂದ ಕುದುರೆ ಬದುಕಿದರೂ ಸಾಯುವ ತನಕ ರೋಗ ರಕ್ತದಲ್ಲೇ ಇರುತ್ತದೆ, ಔಷಧಿ ಇಲ್ಲ, ಕೊಲ್ಲುವುದೊಂದೇ ದಾರಿ ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ನಾನು ಯಾರಿಗೂ ಏನೂ ಹೇಳಲಿಲ್ಲ.

ವರದಿ ಬರುವವರೆಗೆ ವಾರಗಿತ್ತಿ ತನ್ನ ಕುದುರೆಗೆ ದಿನಾ ಹುರುಳಿ ಬೇಯಿಸಿ ತಿನ್ನಿಸಿದಳು. ಅದು ಗಬ್ಬವಾಗಿತ್ತು. ನಾನು ನೋಡುತ್ತ ಕೂತಿದ್ದೆ. ಒಮ್ಮೆ ಬೆಂಕಿ ಹೊಗೆಯಾಡಿದಾಗ ನಾನೇ ಊದಿಕೊಟ್ಟೆ.

ಮೂರು ಕುದುರೆಗೆ ರೋಗ ಎಂದು ಬಂತು. ನನ್ನದು, ಅವಳದು, ಅದರ ನಂತರದ ಮನೆಯದು. ನಾನು ಚುಚ್ಚಿದ ಸಾಲಿನಲ್ಲೇ. ಮತ್ತೊಮ್ಮೆ ರಕ್ತ ತೆಗೆದರೂ ಅದೇ. ಇಲ್ಲಿ ಸೂಜಿ ಮಾಡುವವರು ಯಾರು, ಬೇರೆ ಯಾವ ಹಿಂಡಿಗೆ ಮಾಡಿದ್ದಾರೆ ಎಂದು ಡಾಕ್ಟರಮ್ಮ ಕೇಳಿದಳು. ನಮ್ಮಲ್ಲಿ ಯಾರಿಗೂ ಸೂಜಿ ಹಿಡಿಯಲು ಬರುವುದಿಲ್ಲ, ನೊಣದಿಂದಲೇ ಬಂದಿರಬೇಕು ಎಂದು ವಾರಗಿತ್ತಿ ನನಗೋಸ್ಕರ ಸುಳ್ಳು ಹೇಳಿದಳು.

ನನ್ನ ಕುದುರೆಗೆ ಜ್ವರ ಬಂದಿದ್ದ ಮಳೆಗಾಲ ನಾನು ಕೊಟ್ಟೂರು ಕಡೆಯ ಹಿಂಡೊಂದರ ನಾಲ್ಕು ಕುದುರೆಗೂ ಚುಚ್ಚಿದ್ದೆ. ನನ್ನದಕ್ಕೆ ಮೊದಲು ಚುಚ್ಚಿ ತೋರಿಸಿಯೇ. ಸುಮ್ಮನಿದ್ದರೆ ಅವು ಉಳಿಯುತ್ತಿದ್ದವು, ರೋಗವೂ ಉಳಿಯುತ್ತಿತ್ತು. ಡಾಕ್ಟರಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಪುಣ್ಯ ಬರಲೆಂದು ಹೇಳಿದೆ ಎನ್ನಲಾರೆ. ನಮ್ಮ ಮೂರು ಗುಂಡಿಗೆ ಬಿದ್ದ ಮೇಲೆ ಅವರವು ಮಾತ್ರ ಯಾಕೆ ಹುಲ್ಲು ಮೇಯಬೇಕು ಎಂದೂ ಅನ್ನಿಸಿತ್ತು.

ಡಾಕ್ಟರಮ್ಮ ಬರೆದುಕೊಂಡು ಹೋದ ಮೇಲೆ ವಾರಗಿತ್ತಿ ಹತ್ತಿರ ಬಂದಳು.

“ರಕ್ತ ತಗದ ದಿನನ ಗೊತ್ತಾಗಿತ್ತಾ ನಿನಗ?”

“ಗೊತ್ತಾಗಿತ್ತು.”

“ಗೊತ್ತಿದ್ದೂ ಹುರುಳಿ ಬೇಯೋ ಒಲಿ ಊದಿದ್ಯಲ್ಲಲೇ, ಮುದೇವಿ.”

ನಲವತ್ತು ವರ್ಷ ಅಕ್ಕ ಎಂದವಳು ಅಂದು ಮೊದಲ ಸಲ ಲೇ ಎಂದಳು.

ಮಾರನೆಯ ದಿನ ಜೆಸಿಬಿ ಗುಂಡಿ ತೋಡಿತು. ಸುಣ್ಣದ ಚೀಲ ಇಳಿದವು. ಡಾಕ್ಟರಮ್ಮ ಸೂಜಿ ಚುಚ್ಚಿದಳು, ನನ್ನ ಕುದುರೆ ಬೇಗ ಹೋಯಿತು. ಅವಳದು ಹೊಸ ಜನರನ್ನು ಕಂಡು ಒದೆಯತೊಡಗಿತು, ಹತ್ತಿರ ಸೇರಿಸಲಿಲ್ಲ.

“ನೀನ ಹಿಡಿ,” ಎಂದಳು ವಾರಗಿತ್ತಿ. “ಅದಕ್ಕ ನಿನ್ನ ಕೈಯಾಗ ಚುಚ್ಚಿಸ್ಕೊಂಡು ರೂಢಿ ಐತಿ.”

ಹಿಡಿದೆ. ನಿಂತಿತು. ಅದು ಮೊಣಕಾಲು ಮಡಚಿ ಕುಸಿದ ಮೇಲೂ ಹೊಟ್ಟೆಯೊಳಗಿನ ಮರಿ ಸ್ವಲ್ಪ ಹೊತ್ತು ಆಡಿತು. ಎಲ್ಲರೂ ನೋಡಿದರು. ಜೆಸಿಬಿಯವನು ಮಾತ್ರ ಬೀಡಿ ಹಚ್ಚಿಕೊಂಡು ಆ ಕಡೆ ತಿರುಗಿದ.

ಕೊಟ್ಟೂರು ಹಿಂಡಿನಲ್ಲಿ ಎರಡಕ್ಕೆ ರೋಗ ಸಿಕ್ಕಿತು. ಅವರ ಹಿರಿಯ ನಮ್ಮನ್ನು ಹುಡುಕಿಕೊಂಡು ಬಂದು ನನ್ನ ಕಾಲ ಹತ್ತಿರ ಉಗುಳಿದ. “ಮುದುಕಿ, ನಿನ್ನ ಸೂಜಿಗಿಂತ ನಿನ್ನ ಬಾಯಿ ಕೆಟ್ಟದ್ದು.”

“ಎರಡೂ ನನ್ನವ,” ಎಂದೆ. “ಉಳದ ಎರಡು ಕುದುರಿ ನೆನಸ್ಕೊಂತ ಮನಿಗೆ ಹೋಗು.”

ಈಗ ಸಾಮಾನು ನಮ್ಮ ತಲೆಯ ಮೇಲೆ. ಅವಳು ಒಲೆ ಬೇರೆ ಹೂಡಿದ್ದಾಳೆ, ನನ್ನದರಿಂದ ಹತ್ತು ಹೆಜ್ಜೆ ಆಚೆ. ಆದರೆ ಪಾತ್ರೆ ಕಟ್ಟಿದ ಗಂಟು ತಲೆಗೆ ಎತ್ತಿಕೊಳ್ಳಲು ಇನ್ನೊಬ್ಬರು ಬೇಕೇ ಬೇಕು, ಗಂಡಸರು ಆಗಲೇ ಕುರಿಯ ಹಿಂದೆ ಹೋಗಿರುತ್ತಾರೆ. ಅವಳೇ ಬಂದು ಎತ್ತಿಕೊಡುತ್ತಾಳೆ. ಮಾತಿಲ್ಲ, ಮುಖ ನೋಡುವುದಿಲ್ಲ. ಕೈ ಬಿಡುವಾಗ ಮಾತ್ರ ಒಮ್ಮೆಲೇ ಬಿಡುತ್ತಾಳೆ, ನನ್ನ ಕುತ್ತಿಗೆ ಗಟಕ್ಕೆನ್ನುವಂತೆ.