ಉಸ್ತಾದರು ಪಾಸ್ ಮಾಡಿದ ಗಾಡಿ

ನನಗೆ ಸಿಟ್ಟು ಬೇಗ ಬರುತ್ತದೆ. ಗಿರಾಕಿಗಳ ಮೇಲೆ, ಬಣ್ಣ ಕಲಸಿಕೊಡುವ ಅಂಗಡಿಯವನ ಮೇಲೆ, ವೆಲ್ಡಿಂಗ್ ನಡುವೆ ಕೈಕೊಡುವ ಕರೆಂಟಿನ ಮೇಲೆ, ಯಾರ ಮೇಲಾದರೂ ಸರಿ. ನಾನು ಬಾಯಿ ಬಿಟ್ಟರೆ ಅರ್ಧ ಸಿಂಧನೂರಿಗೆ ಕೇಳಿಸುತ್ತದೆ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಅಂಥವನು ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಮಾತಾಡಲೇಬೇಕಾಗಿದ್ದ ಹೊತ್ತೇ ಅದು.

ಮಸ್ಕಿಗೆ ಹೋಗುವ ರಸ್ತೆಗೆ ಹತ್ತಿಕೊಂಡೇ ನನ್ನ ಶೆಡ್ಡು ಇದೆ. ಹಳೆಯ ಕಾರುಗಳ ಟಿಂಕರಿಂಗ್, ಪೇಂಟಿಂಗ್ ನನ್ನ ಕೆಲಸ. ತುಕ್ಕು ತಿಂದ ತಗಡನ್ನು ಕೊಯ್ದು, ಹೊಸ ತಗಡು ಬಡಿದು ಕೂಡಿಸಿ, ಬಣ್ಣ ಹೊಡೆದು, ಗಾಡಿ ಮೊದಲಿನಂತೆ ಕಾಣುವ ಹಾಗೆ ಮಾಡುತ್ತೇನೆ. ಹೊಸ ಗಾಡಿಗಳನ್ನು ಮುಟ್ಟುವುದಿಲ್ಲ. ಅವುಗಳ ಬಂಪರ್ ಬಿಚ್ಚಿದರೆ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಹೊಕ್ಕಂತಾಗುತ್ತದೆ.

ಈ ಕೆಲಸ ಕಲಿತದ್ದು ಮಸ್ಕಿಯ ಉಸ್ತಾದರ ಕೈಯಲ್ಲಿ. ಹನ್ನೆರಡು ವರ್ಷ ಅವರ ಹತ್ತಿರ ಇದ್ದೆ. ಗಾಡಿ ಬಂದರೆ ಉಸ್ತಾದರು ಮೊದಲು ಅದರ ಕೆಳಗೆ ಮಲಗುತ್ತಿದ್ದರು. ಬೆರಳುದ್ದದ ಸುತ್ತಿಗೆಯಿಂದ ಒಂದೊಂದು ಕಡೆ ಟಕ್ ಎಂದು ಬಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಗಟ್ಟಿ ತಗಡಾದರೆ ಸದ್ದು ದಪ್ಪ. ತುಕ್ಕು ಹಿಡಿದದ್ದಾದರೆ ಖಾಲಿ ಡಬ್ಬಿಯ ಸದ್ದು. ದಪ್ಪ ಸದ್ದು ಬಂದ ಕಡೆ ಸೀಮೆಸುಣ್ಣದಿಂದ ಗೀಟು ಎಳೆದು "ಪಾಸ್" ಅನ್ನುತ್ತಿದ್ದರು. ಆಮೇಲೆ ಆ ಜಾಗವನ್ನು ಯಾರೂ ಮುಟ್ಟುವಂತಿರಲಿಲ್ಲ, ಕೊಯ್ಯುವುದಂತೂ ದೂರದ ಮಾತು. ಕಲಿಯುವ ದಿನಗಳಲ್ಲಿ ನಾನು ಒಮ್ಮೆ ಗೀಟಿನ ಮೇಲೆ ಇನ್ನೊಂದು ಸಲ ಬಡಿದು ನೋಡಿದ್ದಕ್ಕೆ ಕಪಾಳಕ್ಕೆ ಬಿದ್ದಿತ್ತು. ಅದು ದೊಡ್ಡ ಅನ್ಯಾಯ ಎಂದು ನನಗೆ ಆಗ ಅನಿಸಿರಲಿಲ್ಲ, ಯಾಕೆಂದರೆ ಅವರ ಕಿವಿ ತಪ್ಪಿದ್ದನ್ನು ನಾವು ಯಾರೂ ಕಂಡಿರಲಿಲ್ಲ.

ಕೆಲವು ವರ್ಷಗಳಿಂದ ಉಸ್ತಾದರಿಗೆ ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಅಂದರೆ ಹೆದರುತ್ತಾರೆ. ಅವರ ಶೆಡ್ಡು ಮುಚ್ಚಿದೆ. ಆದರೂ ದೊಡ್ಡ ಕೆಲಸ ಬಂದಾಗ ನಾನು ಅವರನ್ನು ಬಸ್ಸಿನಲ್ಲಿ ಕರೆಸಿಕೊಳ್ಳುತ್ತಿದ್ದೆ. ಅವರು ಗಾಡಿಯ ಕೆಳಗೆ ತೂರಿ, ಕೈಯಿಂದ ತಡವಿ, ಬಡಿದು, ಗೀಟು ಎಳೆದು ಹೋಗುತ್ತಿದ್ದರು. ನನಗೆ ಅದು ಬೇಕಿತ್ತು. ಅವರಿಗೆ ಅದು ನನಗಿಂತ ಹೆಚ್ಚು ಬೇಕಿತ್ತು.

ಆ ಸಲ ಬಂದದ್ದು ಲಿಂಗಸುಗೂರಿನ ಅಕ್ಕೋರ ಅಂಬಾಸಿಡರ್. ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಗಾಡಿ ಅವರ ಯಜಮಾನರದು. ಸಾಲಗುಂದದ ಗದ್ದೆಗಳಲ್ಲಿ ಗೊಬ್ಬರದ ಚೀಲ, ಪಂಪಿನ ಪೈಪು, ನಾಟಿಗೆ ಬರುವ ಹೆಣ್ಣಾಳುಗಳು ಎಲ್ಲವನ್ನೂ ಹೊತ್ತು ವರ್ಷಗಟ್ಟಲೆ ಓಡಾಡಿತ್ತು. ಯಜಮಾನರು ಹೋದ ಮೇಲೆ ಕಣದ ಪಕ್ಕದಲ್ಲಿ ನಿಂತೇ ಬಿಟ್ಟಿತ್ತು. ಅಕ್ಕೋರಿಗೆ ಅದನ್ನು ಮತ್ತೆ ಓಡಿಸುವ ಆಸೆ. "ನಾ ಗಾಡಿ ಕಲ್ತಿದ್ದು ಇದರಾಗ. ನನ್ನ ಮೊಮ್ಮಗಳು ಇದರಾಗ ಸಾಲಿಗೆ ಹೋಗಬೇಕು ನೋಡಪಾ," ಎಂದಿದ್ದರು. ನನ್ನ ಸಿಟ್ಟಿಗೆ ಸಿಟ್ಟಿನಿಂದಲೇ ಉತ್ತರ ಕೊಡುವ ಹೆಂಗಸು. ಹಾಗಾಗಿ ನನಗೆ ಹಿಡಿಸಿದರು.

ಉಸ್ತಾದರು ಬಂದು ಬಡಿದು ನೋಡಿದರು. ಬಾಗಿಲ ಕೆಳಗಿನ ತಗಡು ಫೇಲ್, ಮುಂದಿನ ನೆಲ ಫೇಲ್. ಹಿಂದಿನ ಚಕ್ರಗಳ ಹತ್ತಿರ, ಪಾಟಾ ಕೂಡುವ ಜಾಗ ಮಾತ್ರ ಪಾಸ್. ಪಾಟಾ ಅಂದರೆ ಚಕ್ರದ ಮೇಲೆ ಬಿಲ್ಲಿನಂತೆ ಬಾಗಿರುವ ಉಕ್ಕಿನ ಪಟ್ಟಿಗಳು. ಗಾಡಿಯ ಹಿಂಭಾಗದ ಭಾರವೆಲ್ಲ ಅವುಗಳ ಮೇಲೆ. ಅವುಗಳ ತುದಿಯನ್ನು ಒಳಗೆ ಟೊಳ್ಳಿರುವ ತಗಡಿನ ಪೆಟ್ಟಿಗೆಯಂಥ ಭಾಗಕ್ಕೆ ಬೋಲ್ಟಿನಿಂದ ಬಿಗಿದಿರುತ್ತಾರೆ. ಆ ಪೆಟ್ಟಿಗೆ ಬಾಯಿ ಬಿಟ್ಟರೆ ಓಡುವ ಗಾಡಿಯ ಹಿಂದಿನ ಚಕ್ರ ಎತ್ತ ಹೋಗುತ್ತದೋ ಹೇಳಲಾಗದು. ಎರಡೂ ಕಡೆ ಉಸ್ತಾದರು ಗೀಟು ಎಳೆದರು. ನಾನು ಆ ಎರಡು ಜಾಗ ಬಿಟ್ಟು ಉಳಿದದ್ದನ್ನೆಲ್ಲ ಕೊಯ್ದು ಕಟ್ಟಿದೆ. ಮೂರು ತಿಂಗಳ ಕೆಲಸ. ಹಾಲಿನ ಕೆನೆಯ ಬಣ್ಣ ಹೊಡೆದೆ.

ಗಾಡಿ ಒಯ್ಯುವ ಹಿಂದಿನ ದಿನ ಮಧ್ಯಾಹ್ನ ಕೊನೆಯ ಕೆಲಸವೊಂದು ಉಳಿದಿತ್ತು. ಆ ಟೊಳ್ಳು ಪೆಟ್ಟಿಗೆಗಳಿಗೆ ಇಂಜಿನ್ನಿನ ಸುಟ್ಟ ಎಣ್ಣೆ ಸುರಿಯುವುದು. ಒಳಗೆ ತುಕ್ಕು ಹತ್ತದಿರಲಿ ಎಂದು ನಾವು ಎಲ್ಲ ಗಾಡಿಗೂ ಮಾಡುತ್ತೇವೆ. ಹಿಂದಿನ ಸೀಟು ಎತ್ತಿ, ಬಲಗಡೆಯ ತೂತಿಗೆ ಲಾಳಿಕೆ ಇಟ್ಟು ಸುರಿದೆ. ಒಂದು ಲೀಟರ್ ಹಿಡಿಯುವ ಜಾಗ ಅದು. ಒಂದು ಲೋಟ ಹೋಗುವಷ್ಟರಲ್ಲಿ ಎಣ್ಣೆ ವಾಪಸ್ ಉಕ್ಕಿ ನನ್ನ ಕೈಮೇಲೆ ಹರಿಯಿತು. ಒಳಗೆ ಏನೋ ತುಂಬಿತ್ತು.

ಆಗ ನೆನಪಾದದ್ದು ಆ ಕ್ಯಾಮೆರಾ. ಮೊಬೈಲಿನಲ್ಲಿ ನೋಡಿ ತರಿಸಿಕೊಂಡ ಅಗ್ಗದ ಸಾಮಾನು. ಪೆನ್ಸಿಲ್ಲಿಗಿಂತ ಸಣ್ಣ ತಲೆ, ಅದರ ಸುತ್ತ ಪುಟ್ಟ ದೀಪಗಳು, ಹಿಂದೆ ಉದ್ದನೆಯ ವೈರು. ವೈರನ್ನು ಮೊಬೈಲಿಗೆ ಚುಚ್ಚಿದರೆ ಕ್ಯಾಮೆರಾ ಕಂಡದ್ದು ಪರದೆಯ ಮೇಲೆ ಬರುತ್ತದೆ. ಗಿರಾಕಿಗಳಿಗೆ ತೋರಿಸಿ ದೊಡ್ಡಸ್ತಿಕೆ ಮಾಡಲು ಬಿಟ್ಟರೆ ಅದನ್ನು ಅಷ್ಟಾಗಿ ಬಳಸಿರಲಿಲ್ಲ. ಎಣ್ಣೆ ಒಳಗೆ ಇಂಗಿದ ಮೇಲೆ ಅದನ್ನು ತೂತಿನಲ್ಲಿ ಇಳಿಸಿದೆ.

ಮೊದಲು ಕಂಡದ್ದು ಮಣ್ಣು. ಕಪ್ಪು ಎರೆಮಣ್ಣು, ಬೇಸಿಗೆಯ ಕೆರೆಯಂತೆ ಬಿರುಕು ಬಿಟ್ಟದ್ದು. ಗದ್ದೆಯ ಕೆಸರು ಕೆಳಗಿನ ತೂತಿನಿಂದ ವರ್ಷ ವರ್ಷವೂ ಒಳಗೆ ಸೇರಿ, ಒಣಗಿ, ಇಟ್ಟಿಗೆಯಾಗಿ ಪೆಟ್ಟಿಗೆ ತುಂಬ ಕೂತಿತ್ತು. ಬಿರುಕಿನ ಸಂದಿಯಲ್ಲಿ ವೈರನ್ನು ಮೆಲ್ಲಗೆ ಮುಂದೆ ನೂಕಿದೆ. ಬೋಲ್ಟಿನ ಬುಡ ಬಂತು. ಅದರ ಸುತ್ತ ತಗಡು ಇರಬೇಕಾದಲ್ಲಿ ಕೆಂಪು ಹುಡಿ, ಹಪ್ಪಳದಂತೆ ಎದ್ದ ಪದರಗಳು. ಒಂದು ಕಡೆ ಪದರವೂ ಇರಲಿಲ್ಲ. ಬಣ್ಣಕ್ಕೆ ಮುಂಚೆ, ಸಣ್ಣ ಕುಳಿ ಎಂದುಕೊಂಡು ಹೊರಗೆ ನಾನೇ ಮೆತ್ತಿದ ಪುಟ್ಟಿಯ ಹಿಂಬದಿ ಬೆಳ್ಳಗೆ ಕಾಣುತ್ತಿತ್ತು.

ಗಾಡಿ ನಿಂತದ್ದು ಮಣ್ಣು, ಪುಟ್ಟಿ ಮತ್ತು ಬಣ್ಣದ ಮೇಲೆ. ಸುತ್ತಿಗೆಗೆ ದಪ್ಪ ಸದ್ದು ಕೊಟ್ಟದ್ದು ಆ ಮಣ್ಣು. ಉಸ್ತಾದರ ಕಿವಿ ಪಳಗಿದ್ದು ಮಸ್ಕಿ, ಸಂತೆಕಲ್ಲೂರು ಕಡೆಯ ಒಣಭೂಮಿಯ ಗಾಡಿಗಳ ಮೇಲೆ. ಆ ಕಡೆಯ ಗಾಡಿಯೊಳಗೆ ಸೇರುವುದು ಧೂಳು, ಉದುರಿ ಹೋಗುತ್ತದೆ. ಕಾಲುವೆ ನೀರಿನ ಗದ್ದೆಯಲ್ಲಿ ದುಡಿದ ಗಾಡಿಯ ಹೊಟ್ಟೆ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು. ನಾನು ಈ ಕೆಸರಿನಲ್ಲೇ ಅಂಗಡಿ ಇಟ್ಟವನು.

ತಕ್ಷಣ ಅಕ್ಕೋರಿಗೆ ಫೋನ್ ಮಾಡಬೇಕಿತ್ತು. ಫೋನ್ ಕೈಯಲ್ಲೇ ಇತ್ತು, ಚಿತ್ರವೂ ಅದರಲ್ಲೇ ಇತ್ತು. ಮಾಡಲಿಲ್ಲ. ಮಾಡಿದರೆ ಉಸ್ತಾದರ ಪಾಸು ಸುಳ್ಳು ಎಂದು ಹೇಳಬೇಕು. ಕಣ್ಣು ಹೋದ ಮನುಷ್ಯನಿಗೆ ಉಳಿದದ್ದು ಆ ಕಿವಿಯ ಹೆಸರೊಂದೇ. ಮನಸ್ಸು ನೆಪ ಹುಡುಕಿತು. ಮೂರು ತಿಂಗಳು ಶೆಡ್ಡಿನಲ್ಲಿ ನಿಂತದ್ದಕ್ಕೆ ಏನೂ ಆಗಿಲ್ಲ, ಲಿಂಗಸುಗೂರಿಗೆ ಹೋಗುವಷ್ಟರಲ್ಲಿ ಏನಾಗುತ್ತದೆ? ಒಂದು ವಾರ ಬಿಟ್ಟು ಬಣ್ಣದ ನೆಪ ಹೇಳಿ ವಾಪಸ್ ತರಿಸಿಕೊಳ್ಳೋಣ, ಉಸ್ತಾದರಿಗೆ ತಿಳಿಯದಂತೆ ಕೊಯ್ದು ಗಟ್ಟಿ ಮಾಡೋಣ ಎಂದುಕೊಂಡೆ.

ಬೆಳಿಗ್ಗೆ ಅಕ್ಕೋರು ಬಂದರು. ಜೊತೆಗೆ ಮೊಮ್ಮಗಳು, ಏಳು ವರ್ಷದ್ದು. ಗಾಡಿ ನೋಡಿ ಅಕ್ಕೋರ ಕಣ್ಣಲ್ಲಿ ನೀರು ಬಂತು. ಉಸ್ತಾದರೂ ಬಿಳಿ ಬಟ್ಟೆ ಹಾಕಿಕೊಂಡು ಮೊದಲ ಬಸ್ಸಿಗೆ ಬಂದಿದ್ದರು.

"ಉಸ್ತಾದ್ರ, ನೀವೂ ಬರ್ರಿ. ಮಸ್ಕ್ಯಾಗ ನಿಮ್ಮ ಮನಿ ಮುಂದ ಇಳಸ್ತೀನಿ," ಎಂದರು ಅಕ್ಕೋರು.

"ಬರ್ತೀನ್ರಿ. ನಾ ಪಾಸ್ ಮಾಡಿದ ಗಾಡ್ಯಾಗ ನಾನ ಕುಂದರಲಿಲ್ಲ ಅಂದ್ರ ಹೆಂಗ?" ಎಂದು ಉಸ್ತಾದರು ನಕ್ಕು ಮುಂದಿನ ಸೀಟಿನಲ್ಲಿ ಕೂತರು.

ನನ್ನ ಕೈಯಲ್ಲಿ ಕೀಲಿ ಇತ್ತು. ಕೊಟ್ಟೆ. ಇವತ್ತಿಗೂ ಆ ಕೈಯ ಮೇಲೆ ನನಗೆ ಹೇಸಿಕೆ ಇದೆ.

ಗಾಡಿ ರಸ್ತೆ ಹತ್ತಿ ಮರೆಯಾಗುವುದರೊಳಗೆ ನಾನು ಬೈಕ್ ಹತ್ತಿದ್ದೆ. ಯಾಕೆ ಹೊರಟೆನೋ, ಹೋಗಿ ಏನು ಮಾಡಬೇಕೆಂದಿದ್ದೆನೋ ಗೊತ್ತಿಲ್ಲ. ಹಿಂದೆಯೇ ಇದ್ದರೆ ಏನೂ ಆಗುವುದಿಲ್ಲ ಅನ್ನುವಂಥ ಪೆದ್ದ ನಂಬಿಕೆ. ಹತ್ತು ಮಾರು ಅಂತರದಲ್ಲಿ, ಬಲಗಡೆಯ ಹಿಂದಿನ ಚಕ್ರದ ಮೇಲೆ ಕಣ್ಣಿಟ್ಟು ಹೋಗುತ್ತಿದ್ದೆ. ಹಿಂದಿನ ಗಾಜಿನಲ್ಲಿ ಹುಡುಗಿ ಸೀಟಿನ ಮೇಲೆ ಮೊಣಕಾಲೂರಿ ನಿಂತಿತ್ತು. ನನ್ನನ್ನು ಕಂಡು ಕೈ ಬೀಸಿತು. ನಾನೂ ಬೀಸಿದೆ. ಅದಕ್ಕೆ ಆಟವಾಯಿತು, ಮತ್ತೆ ಮತ್ತೆ ಬೀಸತೊಡಗಿತು.

ಅಕ್ಕೋರು ಮೊದಲು ನಿಧಾನಕ್ಕೆ ಹೋಗುತ್ತಿದ್ದರು. ಕೈ ಕುದುರಿದ ಹಾಗೆ ವೇಗ ಏರಿತು. ಎದುರಿನಿಂದ ನೆಲ್ಲಿನ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಲಾರಿ ಬಂದಾಗಲೆಲ್ಲ ಅಕ್ಕೋರು ಗಾಡಿಯನ್ನು ಡಾಂಬರಿನ ಅಂಚಿಗೆ ಇಳಿಸಿ ಮತ್ತೆ ಹತ್ತಿಸುತ್ತಿದ್ದರು. ಹತ್ತಿಸಿದಾಗಲೆಲ್ಲ ಹಿಂಭಾಗ ಒಮ್ಮೆ ಕುಕ್ಕುತ್ತಿತ್ತು. ಒಂದು ಹಳ್ಳಿಯ ಮುಂದೆ ರಸ್ತೆಗೆ ಉಬ್ಬು ಹಾಕಿದ್ದರು. ಅದನ್ನು ದಾಟಿದ ಕೂಡಲೇ ಬಲಚಕ್ರದ ಹತ್ತಿರದಿಂದ ಒಂದು ಹಿಡಿಯಷ್ಟು ಕಪ್ಪು ಮಣ್ಣು ರಸ್ತೆಗೆ ಉದುರಿತು. ಎರಡನೇ ಉಬ್ಬಿಗೆ ಹೆಂಟೆಯೇ ಬಿತ್ತು. ನನ್ನ ಬೈಕಿನ ಚಕ್ರ ಅದರ ಮೇಲೆ ಹಾಯಿತು. ಗಾಡಿಯ ಬಲಭಾಗ ಎಡಕ್ಕಿಂತ ಎರಡು ಬೆರಳು ತಗ್ಗಿದಂತೆ ಕಂಡಿತು. ಕಣ್ಣಿನ ಭ್ರಮೆಯೋ ಏನೋ. ಹುಡುಗಿ ಕೈ ಬೀಸುತ್ತಲೇ ಇತ್ತು. ಇನ್ನು ಆಗಲಿಲ್ಲ ನನಗೆ.

ಹಾರ್ನ್ ಒತ್ತಿ ಹಿಡಿದು, ಮುಂದೆ ಹಾಯ್ದು, ಬೈಕನ್ನು ಅಡ್ಡ ಹಾಕಿದೆ. ಗದ್ದೆ ಮುಗಿದು ಜೋಳದ ಹೊಲ ಶುರುವಾಗುವ ಜಾಗ ಅದು. ಅಕ್ಕೋರು ಬ್ರೇಕ್ ಒತ್ತಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ತಲಿ ಕೆಟ್ಟೈತೇನೋ? ಸಾಯಾಕ ಬಂದೀಯಾ?"

"ಇಳೀರಿ ಅಕ್ಕೋರ. ಮೊದಲ ಕೂಸಿನ್ನ ಇಳಸ್ರಿ. ಪಾಟಾದ ಜಾಗ ಹೋಗೈತಿ."

ಉಸ್ತಾದರು ಬಾಗಿಲು ತಡವಿ ಇಳಿದರು. ಅವರ ಮುಖ ಕೆಂಪಾಗಿತ್ತು. "ಯಾವ ಜಾಗಲೇ? ನಾ ಗೀಟು ಹಾಕಿದ ಜಾಗ?"

"ಹೌದ್ರಿ."

"ನನ್ನ ಕಿವಿ ಸುಳ್ಳೇನಲೇ ಹಂಗಾರ?"

ಮೊಬೈಲ್ ತೆಗೆದು ಚಿತ್ರ ಹಿಡಿದೆ. ಹಿಡಿದ ಮೇಲೆ ನೆನಪಾಯಿತು, ಅವರಿಗೆ ಅದು ಬರೀ ಬೆಳಕಿನ ಮಬ್ಬು. ಅವರು ಕೈಯಿಂದ ಅದನ್ನು ಸರಿಸಿದರು. "ಆ ಸಿನಿಮಾ ನನಗ ತೋರಸಬ್ಯಾಡ. ಕೇಳಸು."

ಬೈಕಿನ ಟೂಲ್ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ರಸ್ತೆಯ ಮೇಲೆ ಮಲಗಿ, ನಾನೇ ಮೂರು ಕೋಟು ಬಳಿದ ಬಣ್ಣದ ಮೇಲೆ ಚುಚ್ಚಿದೆ. ಬಲ ಹಾಕಬೇಕಾಗಲೇ ಇಲ್ಲ. ಹಿಡಿಕೆಯವರೆಗೆ ಒಳಗೆ ಹೋಯಿತು. ತಿರುವಿ ಎಳೆದೆ. ಮಣ್ಣು ಸುರಿಯಿತು, ನನ್ನ ಎದೆಯ ಮೇಲೆ, ಬಾಯಲ್ಲಿ. ಸಾಕಷ್ಟು ಉದುರಿದ ಮೇಲೆ ಅದೇ ಸ್ಕ್ರೂಡ್ರೈವರಿನ ಹಿಂಬದಿಯಿಂದ ತಗಡನ್ನು ಬಡಿದೆ. ಡಬ್ಬಿಯ ಸದ್ದು.

ಉಸ್ತಾದರು ಕಣ್ಣು ಮುಚ್ಚಿ ಕೇಳಿದರು. "ಇನ್ನೊಮ್ಮೆ," ಎಂದರು. ಬಡಿದೆ. ಬಗ್ಗಿ ರಸ್ತೆಯ ಮೇಲಿನ ಮಣ್ಣನ್ನು ಬೆರಳಲ್ಲಿ ಹಿಸುಕಿದರು, ಮೂಸಿದರು. "ಮಣ್ಣು ಮಾತಾಡೈತಿ. ನಾ ತಗಡು ಅಂತ ತಿಳ್ಕೊಂಡೆ," ಎಂದು ಮೆಲ್ಲಗೆ ಹೇಳಿದರು. ಆಮೇಲೆ ಅಕ್ಕೋರು ಇದ್ದ ಕಡೆ ಅಂದಾಜಿನಿಂದ ತಿರುಗಿ, ಎರಡೂ ಕೈ ಎತ್ತಿ ಹೇಳಿದರು, "ಅಕ್ಕೋರ, ಗಾಡಿ ಫೇಲ್ ಐತ್ರಿ. ತಪ್ಪು ನಂದು."

ಉಸ್ತಾದರು ಕೂಗಾಡುತ್ತಾರೆ, ನನ್ನ ಮುಖ ನೋಡುವುದಿಲ್ಲ, ಒಳಗೆ ಮುರಿದುಹೋಗುತ್ತಾರೆ ಎಂದು ನಾನು ಇಡೀ ರಾತ್ರಿ ಹೆದರಿದ್ದೆ. ಎರಡು ಮಾತಿನಲ್ಲಿ ಮುಗಿಸಿಬಿಟ್ಟರು. ಯಾರೂ ಅವರನ್ನು ಕಾಪಾಡಬೇಕಾಗಿರಲಿಲ್ಲ.

ಅಕ್ಕೋರು ಮೊಮ್ಮಗಳನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡಿದ್ದರು. ಶಾಲೆಯಲ್ಲಿ ಮಕ್ಕಳನ್ನು ಕೇಳುವ ಹಾಗೆ, ದನಿ ಏರಿಸದೆ ಕೇಳಿದರು.

"ಆ ಚಿತ್ರ ಯಾವಾಗ ತಗದಿದ್ದಿ?"

"ನಿನ್ನಿ ಮಧ್ಯಾಹ್ನರಿ."

ಉಸ್ತಾದರು ತಲೆ ಎತ್ತಿದರು. "ನಿನ್ನಿ? ನಿನ್ನಿ ನೋಡಿ, ಇವತ್ತು ಕೂಸಿನ್ನ ಕುಂದರಿಸಿ ಕಳಿಸ್ದ್ಯಾ?"

"ನಿಮ್ಮ ಹೆಸರು ಹೋಗ್ತೈತಿ ಅಂತ, ಉಸ್ತಾದ್ರ..." ಎಂದೆ.

"ಅವರಿಗೆ ಗೊತ್ತಾಗಲಿಲ್ಲೋ," ಎಂದರು ಅಕ್ಕೋರು. "ನಿನಗ ಗೊತ್ತಿತ್ತು."

ಲಿಂಗಸುಗೂರಿನ ಬಸ್ಸು ಬಂತು. ಅಕ್ಕೋರು ಕೈ ಮಾಡಿ ನಿಲ್ಲಿಸಿದರು. ಒಂದು ಕೈಯಲ್ಲಿ ಮೊಮ್ಮಗಳನ್ನು, ಇನ್ನೊಂದು ಕೈಯಲ್ಲಿ ಉಸ್ತಾದರನ್ನು ಹಿಡಿದು ಹತ್ತಿಸಿದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಒದರಿ ಹಗುರಾಗಬಹುದಿತ್ತು. ಬಸ್ಸು ಹೋದ ಮೇಲೂ ನಾನು ಆ ಗಾಡಿಯ ಪಕ್ಕದಲ್ಲಿ, ಬಾಯಿ ತುಂಬ ಮಣ್ಣು ಇಟ್ಟುಕೊಂಡು, ಬಹಳ ಹೊತ್ತು ನಿಂತಿದ್ದೆ.