ಎಂಟರ್ ಒತ್ತಿದ ಮೇಲೆ

ಶಿವಮೊಗ್ಗದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ರಿಪೋರ್ಟ್ ಟೈಪ್ ಮಾಡುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಭದ್ರಾವತಿಯ ಜನ್ನಾಪುರದಿಂದ ಬಸ್ಸು ಹಿಡಿದು ಹೋಗಿ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು ಬರುತ್ತೇನೆ. ಒಳಗಿನ ಕೋಣೆಯ ಟೆಕ್ನೀಶಿಯನ್ ಯಂತ್ರ ತೋರಿಸಿದ ಅಂಕಿಗಳನ್ನು ಚೀಟಿಯಲ್ಲಿ ಬರೆಯುತ್ತಾರೆ, ಡಾಕ್ಟರಮ್ಮ ನೋಡಿ ಸಹಿ ಹಾಕುತ್ತಾರೆ, ನಾನು ಕಂಪ್ಯೂಟರಿಗೆ ಏರಿಸಿ ಕಳಿಸುತ್ತೇನೆ. ನೋಡಲಿಕ್ಕೆ ಬಹಳ ಸಣ್ಣ ಕೆಲಸ. ಹಳೆಯ ಸಾಫ್ಟ್‌ವೇರಿನಲ್ಲಿ ಅದನ್ನು ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದೆ ಎಂದರೆ ಜಂಬವಲ್ಲ. ಎಂಟರ್ ಒತ್ತಿದರೆ ಅಂಕಿ ತುಂಬುವ ಮುಂದಿನ ಮನೆ, ಮತ್ತೆ ಎಂಟರ್, ಮತ್ತೊಂದು ಮನೆ. ಕೊನೆಯಲ್ಲಿ ‘ಕಳಿಸಲೇ?’ ಎಂದು ಅದು ಕೇಳುತ್ತಿತ್ತು. ಹೌದು ಅಂದರೆ ಮಾತ್ರ ರಿಪೋರ್ಟ್ ರೋಗಿಯ ಫೋನಿಗೆ ಹೋಗುತ್ತಿತ್ತು.

ಹೊಸ ಅಪ್‌ಡೇಟ್ ಒಂದು ಸೋಮವಾರ ಬಂತು. ಪರದೆಯ ಬಣ್ಣ ಬದಲಾಗಿದ್ದಕ್ಕೆ ನನಗೆ ಬೇಸರವಾಗಲಿಲ್ಲ. ಅಕ್ಷರ ಸಣ್ಣದಾಗಿದ್ದಕ್ಕೆ ಕನ್ನಡಕ ಒರೆಸಿಕೊಂಡೆ. ಆದರೆ ಆ ‘ಕಳಿಸಲೇ?’ ಇರಲಿಲ್ಲ. ಕೊನೆಯ ಎಂಟರಿಗೆ ಮೇಲೆ ಒಂದು ಹಸಿರು ಪಟ್ಟಿ ಮೂಡಿ ‘ರಿಪೋರ್ಟ್ ಕಳಿಸಲಾಗಿದೆ’ ಎನ್ನುತ್ತಿತ್ತು. ಇನ್ನೊಂದು ವಿಚಿತ್ರವೆಂದರೆ ರೋಗಿಗಳ ಪಟ್ಟಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಮುಂದಿನ ಕೌಂಟರಿನಲ್ಲಿ ಹೊಸಬರ ಹೆಸರು ನೋಂದಾಯಿಸಿದ ಕೂಡಲೇ ಅದು ಪಟ್ಟಿಯ ಮೇಲ್ತುದಿಗೆ ಬಂದು ಕೂರುತ್ತಿತ್ತು. ಉಳಿದವರೆಲ್ಲ ಒಂದೊಂದು ಸಾಲು ಕೆಳಗೆ ಜಾರುತ್ತಿದ್ದರು. ನಾನು ಒಬ್ಬರ ಹೆಸರಿನ ಮೇಲೆ ಬೆರಳಿಡುವಷ್ಟರಲ್ಲಿ ಅಲ್ಲಿ ಇನ್ನೊಬ್ಬರು ಇರುತ್ತಿದ್ದರು.

ಕಂಪನಿಗೆ ಫೋನ್ ಮಾಡಿದೆ. ಆ ಕಡೆಯಾತ ಬಹಳ ವಿನಯದಿಂದ, “ಮೇಡಂ, ಅದು ತಪ್ಪಲ್ಲ, ಫೀಚರ್. ಫಾಸ್ಟ್ ಬೇಕು ಅಂತ ಲ್ಯಾಬಿನೋರೇ ಕೇಳಿದ್ದು” ಎಂದ.

“ನಮ್ಮನ್ನ ಯಾರೂ ಕೇಳಿಲ್ಲವಲ್ಲ?”

“ಒಂದು ವಾರ ಯೂಸ್ ಮಾಡಿ ಮೇಡಂ, ಅಭ್ಯಾಸ ಆಗುತ್ತೆ.”

ಅಭ್ಯಾಸವೇ ನನ್ನ ತೊಂದರೆಯಾಗಿತ್ತು. ತಲೆ ‘ನಿಲ್ಲು’ ಎನ್ನುವ ಮೊದಲೇ ಬಲಗೈಯ ಕಿರುಬೆರಳು ಎಂಟರ್ ಒತ್ತಿಬಿಟ್ಟಿರುತ್ತಿತ್ತು. ಮಂಗಳವಾರ ಒಂದು ಸಕ್ಕರೆ ರಿಪೋರ್ಟು ಅರ್ಧಕ್ಕೇ ಹೋಯಿತು. ಬುಧವಾರ ಮತ್ತೆರಡು. ಅವರಿಗೆಲ್ಲ ಫೋನ್ ಮಾಡಿ ಕ್ಷಮೆ ಕೇಳಿದ್ದಾಯಿತು. ಮನೆಯಲ್ಲಿ ಪಲ್ಯಕ್ಕೆ ಹೆಚ್ಚುವಾಗಲೂ ಇವತ್ತು ಯಾವುದಾದರೂ ತಪ್ಪಿ ಹೋಗಿದೆಯಾ ಎಂದು ಒಂದೊಂದೇ ಚೀಟಿ ನೆನಪಿಸಿಕೊಳ್ಳುತ್ತಿದ್ದೆ. ನನ್ನ ಗಂಡ ಟೈಲರ್. “ನಂಗೂ ಹೊಸ ಮೆಷೀನು ತಂದಾಗ ಹೊಲಿಗೆ ಎಲ್ಲೆಲ್ಲೋ ಹೋಗ್ತಿತ್ತು. ಎಂಟು ದಿನ ಅಷ್ಟೇ, ಸರಿಹೋಗುತ್ತೆ ಬಿಡು” ಎಂದರು. ಅವರು ಸಮಾಧಾನಕ್ಕೆಂದೇ ಹೇಳಿದ್ದು. ತಪ್ಪಿದ ಹೊಲಿಗೆಯನ್ನು ಬಿಚ್ಚಬಹುದು ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ.

ಗುರುವಾರ ಸಂಜೆ ಬಸ್ಸು ಭದ್ರಾವತಿ ತಲುಪಲು ಇನ್ನೂ ಎರಡು ಮೂರು ಸ್ಟಾಪ್ ಇದ್ದಾಗ ಲ್ಯಾಬಿನ ಕೌಂಟರಿನಲ್ಲಿ ಕೂರುವ ಗೆಳತಿಯ ಫೋನ್ ಬಂತು.

“ಮಾರಾಯ್ತಿ, ನಲವತ್ತೇಳನೇ ನಂಬರಿನ ರಿಪೋರ್ಟ್ ಬಂದಿಲ್ಲವಂತೆ. ನವುಲೆ ಕಾಲೇಜಿನ ಹುಡುಗಿ, ಎರಡು ಸಲ ಫೋನ್ ಮಾಡಿದ್ಲು. ನೀನು ಕಳಿಸಿಲ್ವಾ?”

“ಬೆಳಿಗ್ಗೇನೇ ಕಳಿಸಿದೀನಲ್ಲ.”

“ಇಲ್ಲಿ ಬಾಕಿ ಅಂತ ತೋರಿಸ್ತಿದೆ.”

ಆ ಚೀಟಿ ನನಗೆ ಚೆನ್ನಾಗಿ ನೆನಪಿತ್ತು. ಮೂತ್ರಪಿಂಡದ ಪರೀಕ್ಷೆ, ಎಲ್ಲ ಅಂಕಿಯೂ ಸರಿಯಾಗಿತ್ತು. ಟೈಪ್ ಮಾಡಿದ್ದೂ ನೆನಪಿತ್ತು, ಹಸಿರು ಪಟ್ಟಿ ಬಂದದ್ದೂ ನೆನಪಿತ್ತು. ಹಾಗಾದರೆ ಅದು ಹೋದದ್ದು ಯಾರಿಗೆ?

“ಅವಳ ಮೇಲಿನ ಸಾಲು, ನಲವತ್ತೆಂಟು ನೋಡು. ಕಳಿಸಿದೆ ಅಂತ ಇದೆಯಾ?”

“ಹ್ಞೂಂ, ಇದೆ.”

“ನಾನು ಕಳಿಸಿಲ್ಲ. ಅದರ ಚೀಟಿ ನನಗೆ ಬಂದೇ ಇಲ್ಲ. ಒಳಗೆ ಹೋಗಿ ಟ್ರೇ ನೋಡು.”

ಅವಳು ಫೋನ್ ಹಿಡಿದುಕೊಂಡೇ ಒಳಗೆ ಹೋದಳು. ಅವಳ ಚಪ್ಪಲಿ ಸದ್ದು ಕೇಳಿಸುತ್ತಿತ್ತು. “ಇದೆ. ಎರಡನೇ ಸಲ ಯಂತ್ರಕ್ಕೆ ಹಾಕಿ ನೋಡಿದ್ದಂತೆ. ಪೊಟ್ಯಾಸಿಯಂ... ಆರು ಪಾಯಿಂಟ್ ನಾಲ್ಕು.”

ಡಾಕ್ಟರಲ್ಲದಿದ್ದರೂ ಹತ್ತೊಂಬತ್ತು ವರ್ಷ ಅಂಕಿ ಟೈಪ್ ಮಾಡಿದವಳಿಗೆ ಅದರ ಅರ್ಥ ಗೊತ್ತಿತ್ತು. ಪೊಟ್ಯಾಸಿಯಂ ಅಷ್ಟು ಏರಿದರೆ ಹೃದಯ ಯಾವಾಗ ಬೇಕಾದರೂ ಲಯ ತಪ್ಪಬಹುದು. ಇಂಥ ಅಂಕಿ ಬಂದರೆ ಟೆಕ್ನೀಶಿಯನ್ ತಕ್ಷಣ ಎಲ್ಲರಿಗೂ ಹೇಳುತ್ತಾರೆ. ಆದರೆ ಅವರ ಪರದೆಯ ಮೇಲೂ ‘ಕಳಿಸಲಾಗಿದೆ’ ಎಂದಿತ್ತು. ಮೊದಲ ಸಲದ ಅಂಕಿಯನ್ನೇ ಡಾಕ್ಟರಮ್ಮ ನೋಡಿ ತಿಳಿಸಿಯಾಗಿದೆ ಎಂದುಕೊಂಡು ಚೀಟಿಯನ್ನು ಟ್ರೇಯಲ್ಲಿಟ್ಟು ಮನೆಗೆ ಹೋಗಿದ್ದರು.

ನಲವತ್ತೆಂಟು ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ವಿಳಾಸ ಭದ್ರಾವತಿ ಹಳೇನಗರ. ಗೆಳತಿ ನಂಬರ್ ಕೊಟ್ಟಳು. ಮೂರು ಸಲ ಮಾಡಿದೆ, ರಿಂಗ್ ಆಯಿತೇ ಹೊರತು ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಅವಳು ಡಾಕ್ಟರಮ್ಮನಿಗೆ ತಿಳಿಸಿದಳು. ನಾನು ಬಸ್ಸಿನಿಂದ ಇಳಿದು ಆಟೋ ಹತ್ತಿದೆ. ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಕೆಳಗೆ ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ‘ಕಂಪ್ಯೂಟರಿನಿಂದ ಆದ ತಪ್ಪು, ನಮ್ಮ ಸಾಫ್ಟ್‌ವೇರ್ ಹೊಸದು’ ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ.

ಮನೆ ಸಿಕ್ಕಿತು. ಹಿರಿಯರು ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಕೈಯಲ್ಲಿ ಎಳನೀರು. ಸೊಸೆ ಪಕ್ಕದಲ್ಲಿ ನಿಂತು ಅವರೊಡನೆ ನಗುತ್ತ ಮಾತಾಡುತ್ತಿದ್ದರು; ಫೋನ್ ಒಳಗೇ ಉಳಿದಿರಬೇಕು.

“ಯಾರು ಬೇಕಿತ್ತು?” ಎಂದರು ಸೊಸೆ.

“ಲ್ಯಾಬಿಂದ ಬಂದಿದೀನಿ. ಅದನ್ನ ಕುಡಿಬೇಡಿ, ಕೆಳಗಿಡಿ.”

ಇಬ್ಬರೂ ನನ್ನನ್ನೇ ನೋಡಿದರು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಡಾಕ್ಟರು ಅವರಿಗೆ ಎರಡು ವರ್ಷದಿಂದ ಅದನ್ನು ಬಿಡಿಸಿದ್ದರಂತೆ. ಬೆಳಿಗ್ಗೆ ಬಂದ ರಿಪೋರ್ಟಿನಲ್ಲಿ ಎಲ್ಲವೂ ಸರಿಯಾಗಿದ್ದದ್ದನ್ನು ನೋಡಿ ಅವರು ಆಸೆಪಟ್ಟು ತರಿಸಿಕೊಂಡಿದ್ದರು.

“ಬೆಳಿಗ್ಗೆ ಬಂದ ರಿಪೋರ್ಟ್ ನಿಮ್ದಲ್ಲ,” ಎಂದೆ.

“ನಮ್ದಲ್ಲ ಅಂದ್ರೆ? ಹೆಸರು ಮಾವಂದೇ ಇದೆಯಲ್ಲ!”

“ಹೆಸರು ಅವರದ್ದೇ. ಒಳಗಿನ ಅಂಕಿ ಬೇರೆಯವರದ್ದು. ನಾನೇ ತಪ್ಪು ಹಾಕಿದ್ದು.”

ಬಾಯಿಪಾಠ ಮಾಡಿದ ಮಾತು ಹೇಗೋ ಬಾಯಿಗೆ ಬರಲೇ ಇಲ್ಲ. ಸೊಸೆಯ ಮುಖ ಕೆಂಪಾಯಿತು. “ಮಧ್ಯಾಹ್ನಾನೂ ಒಂದು ಕುಡಿದಿದಾರೆ! ಏನಾದ್ರೂ ಆದ್ರೆ ಯಾರು ಹೊಣೆ? ನೀವಾ?” ಎಂದು ಕೂಗಿದರು. ಅಕ್ಕಪಕ್ಕದವರು ಹೊರಗೆ ಬಂದರು. ಹಿರಿಯರು ಮಾತ್ರ ಎಳನೀರನ್ನು ನಿಧಾನವಾಗಿ ನೆಲಕ್ಕಿಟ್ಟು, “ಬೆಳಿಗ್ಗೆಯಿಂದ ಕಾಲು ಸ್ವಲ್ಪ ಜೋಮು ಹಿಡಿದಂಗೆ ಇತ್ತು. ರಿಪೋರ್ಟ್ ಚೆನ್ನಾಗಿದೆಯಲ್ಲ ಅಂತ ಸುಮ್ಮನಿದ್ದೆ” ಎಂದರು.

ನಾನು ಬಂದಿದ್ದ ಆಟೋ ಇನ್ನೂ ಅಲ್ಲೇ ಇತ್ತು. ಮೂವರೂ ಅದರಲ್ಲೇ ಆಸ್ಪತ್ರೆಗೆ ಹೋದೆವು. ಅಷ್ಟರಲ್ಲಿ ಡಾಕ್ಟರಮ್ಮ ಅಲ್ಲಿಗೆ ಫೋನ್ ಮಾಡಿ ವಿಷಯ ಹೇಳಿದ್ದರು. ಎದೆಗೆ ತಂತಿ ಹಚ್ಚಿ ಇಸಿಜಿ ತೆಗೆದರು, ಡ್ರಿಪ್ ಹಾಕಿದರು. ನಾನು ಹೊರಗಿನ ಬೆಂಚಿನ ಮೇಲೆ ಕೂತು, ಒಳಗಿನಿಂದ ಯಾರು ಬಂದರೂ ಅವರ ಮುಖ ನೋಡುತ್ತಿದ್ದೆ. ಬಲಗೈ ಕಿರುಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತೆ. ಕೊನೆಗೆ ನರ್ಸ್ ಬಂದು, “ಪರವಾಗಿಲ್ಲ, ಹೊತ್ತಿಗೆ ಸರಿಯಾಗಿ ಕರ್ಕೊಂಡು ಬಂದ್ರಿ” ಎಂದರು. ಆ ಹೊಗಳಿಕೆಗೆ ನಾನು ತಲೆ ತಗ್ಗಿಸಿದೆ. ಹಿರಿಯರು ನಾಲ್ಕನೇ ದಿನ ಮನೆಗೆ ಹೋದರು ಎಂದು ಆಮೇಲೆ ತಿಳಿಯಿತು.

ಮಾರನೆಯ ದಿನ ಡಾಕ್ಟರಮ್ಮನ ಮುಂದೆ ಎಲ್ಲವನ್ನೂ ಹೇಳಿದೆ. ಕೆಲಸ ಹೋಗುತ್ತದೆ ಎಂದೇ ಅಂದುಕೊಂಡಿದ್ದೆ. ಅವರು ಬೈದರು, ಬೈಯಬೇಕಾದದ್ದೇ. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತು, “ನೀನು ಟೈಪ್ ಮಾಡು, ನಾನು ನೋಡ್ತೀನಿ” ಎಂದರು. ಅರ್ಧ ಗಂಟೆಯಲ್ಲಿ ಪಟ್ಟಿ ನನ್ನ ಬೆರಳಡಿಯಿಂದ ಎರಡು ಸಲ ಜಾರಿತು. “ಅಯ್ಯೋ, ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?” ಎಂದರು. ಹೇಳಿದರೆ ಹೊಸದು ಕಲಿಯಲಾರದವಳು ಎಂದುಕೊಂಡಾರು ಎಂದು ನಾನು ಹೆದರಿದ್ದೆ. ಅದನ್ನೂ ಹೇಳಿಬಿಟ್ಟೆ.

ಅವರೇ ಕಂಪನಿಗೆ ಫೋನ್ ಮಾಡಿದರು. ‘ಕಳಿಸಲೇ?’ ಎಂಬ ಪ್ರಶ್ನೆ ಪೂರ್ತಿ ಹೋಗಿರಲಿಲ್ಲವಂತೆ. ಸೆಟ್ಟಿಂಗ್ಸಿನೊಳಗೆ ಎಲ್ಲೋ ಆಳದಲ್ಲಿ ಒಂದು ಟಿಕ್ ಹಾಕಿದರೆ ವಾಪಸ್ಸು ಬರುತ್ತದೆ. ನಮಗೆ ಯಾರೂ ಹೇಳಿರಲಿಲ್ಲ, ನಾವೂ ಹುಡುಕಿರಲಿಲ್ಲ. ಪಟ್ಟಿಯ ಜಾರಾಟ ನಿಲ್ಲಲು ಮತ್ತೆ ಒಂದೂವರೆ ತಿಂಗಳು ಹಿಡಿಯಿತು. ಅಲ್ಲಿಯವರೆಗೆ ನಂಬರ್ ಟೈಪ್ ಮಾಡಿ ಹುಡುಕಿ, ತೆರೆದ ಮೇಲೆ ಹೆಸರನ್ನು ಗಟ್ಟಿಯಾಗಿ ಓದಿ, ಆಮೇಲೆ ಅಂಕಿ ಹಾಕುತ್ತಿದ್ದೆ. ಮೊದಮೊದಲು ಕಾಯಲು ಕೂತವರು ತಮ್ಮನ್ನೇ ಕರೆದರೆಂದು ಎದ್ದು ಬರುತ್ತಿದ್ದರು.

ಮೂರು ವಾರ ಕಳೆದ ಮೇಲೆ ಆ ಸೊಸೆ ಮಾವನನ್ನು ಕರೆದುಕೊಂಡು ಬಂದರು. ಬೇರೆ ಲ್ಯಾಬಿಗೆ ಹೋಗುತ್ತಾರೆ ಎಂದುಕೊಂಡಿದ್ದೆ. ರಕ್ತ ಕೊಟ್ಟು ಎರಡು ಗಂಟೆ ಕಾದರು. ಚೀಟಿ ನನ್ನ ಮೇಜಿಗೆ ಬಂದಾಗ ಸೊಸೆ ಎದ್ದು ಒಳಗೆ ಬಂದರು.

“ಇವತ್ತೂ ನೀವೇನಾ ಟೈಪ್ ಮಾಡೋದು?”

“ನಾನೇ.”

“ನಾನು ನೋಡ್ಬೇಕು.”

ಪರದೆಯನ್ನು ಅವರ ಕಡೆ ತಿರುಗಿಸಿದೆ. ಹೆಸರು ಓದಿದೆ. ಅವರು ಚೀಟಿಯ ಒಂದೊಂದು ಅಂಕಿಯನ್ನೂ ಬೆರಳಿಟ್ಟು ನೋಡಿದರು. ನಾನು ಹಾಕುತ್ತ ಹೋದೆ. ಕೊನೆಯಲ್ಲಿ ‘ಕಳಿಸಲೇ?’ ಎಂದು ಬಂತು. ನಾನು ಅವರ ಮುಖ ನೋಡಿದೆ.

“ಸರಿಯಿದೆ, ಕಳ್ಸಿ,” ಎಂದರು.

ಅವರ ಚೀಲದೊಳಗೆ ಫೋನ್ ಸದ್ದು ಮಾಡಿತು. ತೆಗೆದು, ನಿಂತಲ್ಲೇ ಇನ್ನೊಂದು ಸಲ ಓದಿ, ಮಾವನ ತೋಳು ಹಿಡಿದುಕೊಂಡು ಹೊರಟರು. ಬಾಗಿಲ ಹತ್ತಿರ ಹಿರಿಯರು ತಿರುಗಿ ನನಗೆ ಕೈಯೆತ್ತಿದರು. ಸೊಸೆ ತಿರುಗಲಿಲ್ಲ.