ಹನ್ನೊಂದು ಗಂಟೆಯ ಬಿಸಿಲಿನ ವಾಸಣ್ಣ

ಎಡಗೈಯ ಮೇಲೊಂದು ಸೀರೆ, ಬಲಹೆಗಲಿನ ಮೇಲೆ ಇನ್ನೊಂದು, ನೆತ್ತಿಯ ಮೇಲೆ ಸುಡುವ ಬಿಸಿಲು. ಪುತ್ತೂರು ಪೇಟೆಯಲ್ಲಿ ನಮ್ಮ ಜವಳಿ ಅಂಗಡಿಯ ಮೆಟ್ಟಿಲಿಳಿದು, ರಸ್ತೆಯ ಅಂಚಿನಲ್ಲಿ ಹೀಗೆ ನಿಂತು ಫೋನಿನ ಜೊತೆ ಮಾತಾಡುತ್ತಿದ್ದ ಗಂಡಸೇ ನಮ್ಮ ವಾಸಣ್ಣ. ಸುಳ್ಯದ ಬಸ್ಸಿನವರು ಅವರನ್ನು ಕಂಡರೆ ಬೇಕೆಂದೇ ಹಾರ್ನ್ ಹೊಡೆಯುತ್ತಿದ್ದರು. ವಾಸಣ್ಣ ತಿರುಗಿಯೂ ನೋಡದೆ, "ಅದು ನಮ್ಮ ಅಭಿಮಾನಿಗಳು. ನೀವು ಸೆರಗು ನೋಡಿ," ಎನ್ನುತ್ತಿದ್ದರು.

ನಾನು ಹುಟ್ಟುವ ಮೊದಲೇ ಅವರು ಅಪ್ಪನ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸಕ್ಕೆ ಸೇರಿದ್ದರು. ನಮ್ಮದು ಉದ್ದನೆಯ, ಒಳಗೆ ಹೋದಂತೆ ಕತ್ತಲಾಗುವ ಹಳೆಯ ಅಂಗಡಿ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೀಲಿ ಯಾವುದು, ನೇರಳೆ ಯಾವುದು ಎಂದು ದೇವರಿಗೂ ಹೇಳಲಾಗದು. ಹಾಗಾಗಿ ಗಿರಾಕಿ ಕೇಳುವ ಮೊದಲೇ ವಾಸಣ್ಣ ಸೀರೆಯನ್ನು ಹೊರಗೆ ಒಯ್ಯುತ್ತಿದ್ದರು. "ಒಳಗೆ ನೋಡಿದ್ದು ಸೀರೆ, ಹೊರಗೆ ನೋಡಿದ್ದು ಬಣ್ಣ," ಎಂಬುದು ಅವರ ಮಾತು. ಈ ಚಾಳಿ ಅಂಗಡಿಗೆ ಮಾತ್ರ ಮೀಸಲಲ್ಲ. ಟೊಮೆಟೊ ಕೊಳ್ಳುವಾಗಲೂ ಬಿಸಿಲಿಗೆ ಹಿಡಿಯುವವರೇ. ಹೆಣ್ಣು ನೋಡಲು ಹೋದಾಗ, "ಸ್ವಲ್ಪ ಅಂಗಳಕ್ಕೆ ಬರಬಹುದಾ?" ಎಂದು ಕೇಳಿದ್ದರಂತೆ. ಅವರ ಹೆಂಡತಿ ಲೀಲಕ್ಕ ಇದನ್ನು ಹೇಳಿ ನಗುತ್ತಿದ್ದರು: "ನಾನೂ ಆಗ ಇವರನ್ನು ಬಿಸಿಲಲ್ಲೇ ನೋಡಿದ್ದು. ಆದರೂ ಮೋಸ ಹೋದೆ!"

ಬಸ್ ಸ್ಟ್ಯಾಂಡಿನ ಹತ್ತಿರ ನಾಲ್ಕು ಮಹಡಿಯ, ಗಾಜಿನ ಗೋಡೆಯ ದೊಡ್ಡ ಮಳಿಗೆ ಬಂದ ಮೇಲೆ ನಮ್ಮ ಮೆಟ್ಟಿಲು ಹತ್ತುವವರು ಕಡಿಮೆಯಾದರು. ಹಳೆಯ ಗಿರಾಕಿಗಳೂ ಏಸಿಯ ತಂಪಿಗೆಂದು ಅತ್ತ ಹೋಗಿ, ಹೋದ ತಪ್ಪಿಗೆ ಎರಡು ಸೀರೆ ಕೊಂಡು ಬರುತ್ತಿದ್ದರು. ಒಂದು ದಿನ ಅಪ್ಪ, "ದೀಪಾವಳಿ ಕಳೆದ ಮೇಲೆ ಬಾಗಿಲು ಹಾಕುವ," ಎಂದುಬಿಟ್ಟರು. ಆ ಅಂಗಡಿಯ ಬಟ್ಟೆಯ ಥಾನುಗಳ ನಡುವೆ ತೂಕಡಿಸಿ ಬೆಳೆದವಳು ನಾನು. "ಇನ್‌ಸ್ಟಾಗ್ರಾಮಿನಲ್ಲಿ ಮಾರಿ ನೋಡುವ. ದೀಪಾವಳಿವರೆಗೆ ಸಮಯ ಕೊಡಿ," ಎಂದೆ. ಮಾತಾಡಲು ವಾಸಣ್ಣನಿಗಿಂತ ಒಳ್ಳೆಯ ಜನ ಬೇಕೇ? ಕಲ್ಲಿನಿಂದಲೂ ಆರ್ಡರ್ ಹಿಡಿಯುವ ಬಾಯಿ ಅದು.

ಮೊದಲ ಲೈವ್‌ಗೆ ನಾನು ದೊಡ್ಡ ದುಂಡು ದೀಪ ಇಟ್ಟು, ಫೋನಿನಲ್ಲಿ ಫಿಲ್ಟರ್ ಹಾಕಿದ್ದೆ. ವಾಸಣ್ಣ ಕ್ರಾಪು ಬಾಚಿ, ಮೀಸೆ ತೀಡಿ, ಪರದೆಯಲ್ಲಿ ತಮ್ಮ ಮುಖ ನೋಡಿಕೊಂಡು ಬೆಚ್ಚಿಬಿದ್ದರು.

"ಇದು ಯಾರು ಮಾರಾಯ್ತಿ? ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಉಂಟಲ್ಲ!"

"ನೀವೇ ವಾಸಣ್ಣ. ಚಂದ ಕಾಣ್ಲಿಕ್ಕೆ ಹಾಕಿದ್ದು."

"ನನ್ನನ್ನೇ ಬಿಳಿ ಮಾಡಿದ ಫೋನು ಸೀರೆಯನ್ನು ಬಿಡ್ತದಾ? ತೆಗಿ ಅದನ್ನು!" ಎಂದವರೇ ಸೀರೆ ಎತ್ತಿಕೊಂಡು ಮೆಟ್ಟಿಲಿಳಿದರು. ಫೋನು ಹಿಡಿದು ನಾನು ಹಿಂದೆ ಓಡಿದೆ. ಅಂದಿನಿಂದ ನಮ್ಮ ಸ್ಟುಡಿಯೋ ರಸ್ತೆಯ ಅಂಚೇ ಆಯಿತು.

ಜನ ಸೇರತೊಡಗಿದರು. ಯಾವ ಸೀರೆಯಲ್ಲಿ ನೂಲು ಎದ್ದಿದೆ, ಯಾವುದು ಮೊದಲ ಒಗೆತಕ್ಕೆ ಬಣ್ಣ ಬಿಡುತ್ತದೆ ಎಂಬುದನ್ನು ವಾಸಣ್ಣ ಬೆಲೆಗಿಂತ ಮೊದಲು ಹೇಳುತ್ತಿದ್ದರು. ಮೋಡ ಕವಿದರೆ ಮುಗಿಯಿತು. "ಇವತ್ತು ಸೂರ್ಯ ರಜೆ. ಬಣ್ಣದ ಗ್ಯಾರಂಟಿ ನಾನು ಕೊಡುದಿಲ್ಲ. ನಾಳೆ ನೋಡುವ," ಎಂದು ಲೈವ್ ಮುಗಿಸಿ ಚಹಾ ಕುಡಿಯಲು ಹೋಗುತ್ತಿದ್ದರು. ಅಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂತು ತಲೆ ಚಚ್ಚಿಕೊಳ್ಳುವುದು, ಮರುದಿನ ಅದೇ ಜನ ಬಂದು "ವಾಸಣ್ಣ, ಬಿಸಿಲು ಬಂತಾ?" ಎಂದು ಬರೆಯುವುದು. ನೋಡುವವರ ಸಂಖ್ಯೆ ಏರಿದರೆ ಅವರ ಎದೆಯೂ ಉಬ್ಬುತ್ತಿತ್ತು. ಬಿಂಕಕ್ಕೇನೂ ಕಡಿಮೆ ಇರಲಿಲ್ಲ.

ಆ ಬಿಂಕವೇ ಒಮ್ಮೆ ಕೈಕೊಟ್ಟಿತು. ಗುತ್ತಿಗಾರಿನ ಕಮಲಕ್ಕ ಎಂಬವರು ಮಗಳ ಮದುವೆಗೆಂದು ಲೈವ್‌ನಲ್ಲಿ ನೋಡಿ ಒಂದು ಸೀರೆ ತರಿಸಿಕೊಂಡಿದ್ದರು. ಸೀರೆ ತಲುಪಿದ ದಿನ ಎಲ್ಲರಿಗೂ ಕಾಣುವಂತೆ ನಮ್ಮ ಪುಟದಲ್ಲಿ ಬರೆದರು: "ವಾಸಣ್ಣ, ನಿಮ್ಮ ಬಿಸಿಲೂ ಸುಳ್ಳು ಹೇಳ್ತದಾ? ಅಲ್ಲಿ ಚಿನ್ನದ ಹಾಗೆ ಇದ್ದದ್ದು ಇಲ್ಲಿ ಒಣಹುಲ್ಲಿನ ಹಾಗೆ ಉಂಟು. ಧಾರೆಗೆ ಇದನ್ನಾ ಉಡಿಸುದು?" ಅದರ ಕೆಳಗೆ ಇನ್ನೊಬ್ಬರು, ಮತ್ತೊಬ್ಬರು, "ನಮ್ಮದನ್ನೂ ನೋಡಬೇಕು" ಎಂದು ಸೇರಿಕೊಂಡರು. ದೀಪಾವಳಿ ಹತ್ತಿರ ಬಂದಿತ್ತು.

"ಅಳಿಸಿಬಿಡು ಅದನ್ನು," ಎಂದರು ಅಪ್ಪ. ನನ್ನ ಬೆರಳೂ ಸಿದ್ಧವಾಗಿಯೇ ಇತ್ತು. ವಾಸಣ್ಣ ಫೋನು ಕಸಿದುಕೊಂಡು ಓದಿದರು. ಮುಖ ಸಣ್ಣದಾಯಿತು.

"ಅಳಿಸಬೇಡ. ಧಣಿಗಳೇ, ಅದು ಸತ್ಯ. ಆ ದಿನ ನಾನು ತಲೆಗೆ ಬಣ್ಣ ಹಾಕಿಸ್ಲಿಕ್ಕೆ ಹೋಗಿ ತಡ ಆಯ್ತು. ತೋರಿಸುವಾಗ ಗಂಟೆ ಐದು ಆಗಿತ್ತು. ಸಂಜೆ ಬಿಸಿಲಿಗೆ ತೆಂಗಿನ ಮಡಲೂ ಚಿನ್ನವೇ!"

ಮರುದಿನ ಬೆಳಿಗ್ಗೆ ಮೂರು ಸೀರೆ ಚೀಲಕ್ಕೆ ತುಂಬಿ, ನನ್ನನ್ನೂ ಎಳೆದುಕೊಂಡು ಗುತ್ತಿಗಾರಿಗೆ ಹೊರಟರು. ನನ್ನ ಕೈಯಲ್ಲಿ ಫೋನು ಕಂಡು ಕಮಲಕ್ಕ ಕೆಂಡವಾದರು. "ಎಂತ, ಇಲ್ಲಿಗೂ ವಿಡಿಯೋ ಮಾಡ್ಲಿಕ್ಕೆ ಬಂದದ್ದಾ?"

"ಹೌದು ಅಕ್ಕ. ತಪ್ಪು ಎಲ್ಲರ ಎದುರು ಆದದ್ದು. ಒಪ್ಪಿಕೊಳ್ಳುದೂ ಎಲ್ಲರ ಎದುರೇ ಆಗಬೇಕು."

ಕಮಲಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇಲ್ಲಿ ರೇಂಜ್ ಇಲ್ಲ. ಮೇಲೆ ಪಾದೆಕಲ್ಲಿಗೆ ಹೋಗಬೇಕು," ಎಂದರು. ಹೀಗೆ ಮದುಮಗಳು, ಅವಳ ಅಜ್ಜಿ, ನೆರೆಮನೆಯವರು, ಒಂದು ನಾಯಿ, ಎಲ್ಲರೂ ಸೀರೆಗಳ ಜೊತೆ ಗುಡ್ಡ ಹತ್ತಿದೆವು. ಪಾದೆಕಲ್ಲೆಂಬ ಆ ದೊಡ್ಡ ಬಂಡೆಯ ಪಕ್ಕದ ಬಾಳೆಗಿಡಗಳನ್ನು ಮೊನ್ನೆಯಷ್ಟೇ ಆನೆ ಮುರಿದು ಹೋಗಿತ್ತು. ವಾಸಣ್ಣ ಅತ್ತಿತ್ತ ನೋಡಿ ಶುರುಮಾಡಿದರು: "ನಮಸ್ಕಾರ. ಇದು ಹನ್ನೊಂದು ಗಂಟೆಯ ಬಿಸಿಲು. ಆನೆ ಬಂದ್ರೆ ಲೈವ್ ಅರ್ಧಕ್ಕೆ ನಿಲ್ತದೆ, ಬೇಸರ ಮಾಡಬೇಡಿ." ಆಮೇಲೆ ನಡೆದದ್ದನ್ನೆಲ್ಲ, ತಲೆಗೆ ಬಣ್ಣ ಹಾಕಿಸಿದ್ದನ್ನೂ ಬಿಡದೆ, ಹೇಳಿದರು. ಬಗ್ಗಿ ತಲೆಯನ್ನೂ ತೋರಿಸಿದರು. ಮದುಮಗಳು ನಕ್ಕು ನಕ್ಕು ಬಂಡೆಯ ಮೇಲೆ ಕೂತುಬಿಟ್ಟಳು. ಧಾರೆಗೆ ಹೊಸದರಲ್ಲೊಂದು ಕಡುಗೆಂಪು ಆರಿಸಿ, ಹಳೆಯದನ್ನೂ ಎದೆಗೊತ್ತಿಕೊಂಡಳು. "ಇದು ವಾಪಸ್ ಬೇಡ. ಸಂಜೆಯ ರಿಸೆಪ್ಶನ್‌ಗೆ ಇರ್ಲಿ. ಆಗ ಚಿನ್ನ ಕಾಣ್ತದಲ್ಲ!"

ನಾವು ಪುತ್ತೂರು ಮುಟ್ಟುವಾಗ ಕಮಲಕ್ಕ ತಮ್ಮ ದೂರಿನ ಕೆಳಗೆ ತಾವೇ ಬರೆದಿದ್ದರು: "ವಾಸಣ್ಣ ಬಂದರು. ಊಟ ಮಾಡಿಸಿ ಕಳಿಸಿದ್ದೇನೆ." ಆ ಒಂದು ಸಾಲು ಮಾಡಿದ ಕೆಲಸವನ್ನು ಯಾವ ಜಾಹೀರಾತೂ ಮಾಡಲಿಲ್ಲ. ಪಂಜದಿಂದ, ಕಡಬದಿಂದ, ಗುರುತೇ ಇಲ್ಲದ ಊರುಗಳಿಂದ ಆರ್ಡರ್ ಬಂತು. ದೀಪಾವಳಿ ಬಂತು, ಹೋಯಿತು. ಬಾಗಿಲು ಹಾಕುವ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ. ಅಂದಿನಿಂದ ವಾಸಣ್ಣ ಪ್ರತಿ ಸೀರೆಗೂ ಗಂಟೆ ಹೇಳಿಯೇ ಬಣ್ಣ ಹೇಳುತ್ತಿದ್ದರು.

ಕಳೆದ ವರ್ಷ ಮೊಣಕಾಲು ಮುಷ್ಕರ ಹೂಡಿತು. ವಾಸಣ್ಣ ಕೆಲಸ ಬಿಟ್ಟು ಲೀಲಕ್ಕನ ಜೊತೆ ಕಲ್ಲುಗುಂಡಿಯ ಮಗಳ ಮನೆಗೆ ಹೋದರು. ಈಗ ಬಿಸಿಲಿನಲ್ಲಿ ನಿಲ್ಲುವವಳು ನಾನು. ಬಸ್ಸಿನವರು ಈಗಲೂ ಹಾರ್ನ್ ಹೊಡೆಯುತ್ತಾರೆ, ಕೆಲವರು ನಿಧಾನಿಸಿ "ವಾಸಣ್ಣ ಎಲ್ಲಿ?" ಎಂದು ಕೇಳುತ್ತಾರೆ. ಅವರಿಲ್ಲದ ಮೆಟ್ಟಿಲು ನನಗೂ ಬೋಳು ಬೋಳು.

ಮೊನ್ನೆ ಅವರದೇ ಫೋನು. "ಮೊಮ್ಮಗುವನ್ನು ತೊಟ್ಟಿಲಿಗೆ ಹಾಕ್ಲಿಕ್ಕುಂಟು. ಲೀಲಾಗೆ ಒಂದು ಒಳ್ಳೆ ಹಸಿರು ಸೀರೆ ಕಳಿಸು."

"ಒಂದು ನಿಮಿಷ ವಾಸಣ್ಣ, ವಿಡಿಯೋ ಕಾಲ್ ಮಾಡ್ತೇನೆ. ಹೊರಗೆ ತಂದು ತೋರಿಸ್ತೇನೆ."

"ಬೇಡ ಮಾರಾಯ್ತಿ."

"ಎಂತ ಬೇಡ? ಟೊಮೆಟೊವನ್ನೇ ಬಿಸಿಲಿಗೆ ಹಿಡಿದವರು ನೀವು!"

"ಅದು ಟೊಮೆಟೊ. ಅದರ ಪರಿಚಯ ನನಗೆ ಇರ್ಲಿಲ್ಲ," ಎಂದು ನಕ್ಕರು. "ನೀನು ನೋಡಿದ್ದೀ ಅಲ್ಲ? ಸಾಕು. ಕಟ್ಟಿ ಕಳಿಸು."

ಫೋನಿಟ್ಟು ಕಪಾಟಿನಿಂದ ಒಂದು ಸೀರೆ ತೆಗೆದೆ. ಕಣ್ಣು ತುಂಬಿ, ಅದು ಹಸಿರೋ ನೀಲಿಯೋ ತಿಳಿಯದಾಯಿತು. ಗೋಡೆಯ ಗಡಿಯಾರ ನೋಡಿದೆ. ಗಂಟೆ ಹನ್ನೊಂದು. ಸೀರೆ ಬಿಡಿಸಿಕೊಂಡು ಮೆಟ್ಟಿಲಿಳಿದೆ.